ಮಾರಿ, ಮನೆ ಮತ್ತು ಸರ್ಕಾರ: ಪ್ಲೇಗು ನಿಯಮಗಳಿಗೆ ಕನ್ನಡ ನಾಡಿನ ಪ್ರತಿಕ್ರಿಯೆ

ಸಾಂಕ್ರಾಮಿಕ ರೋಗಗಳ ಚರಿತ್ರೆಯನ್ನು ನಮ್ಮಲ್ಲಿ ಸಾಮಾನ್ಯವಾಗಿ ಎರಡು ಬಗೆಯಲ್ಲಿ ಬರೆಯಲಾಗಿದೆ. ಆಡಳಿತದ ವರದಿಗಳನ್ನು ಆಧರಿಸಿದ ಬರವಣಿಗೆ ಒಂದು ಬಗೆಯದು. ಅದರಲ್ಲಿ ಸರ್ಕಾರ ಕೈಗೊಂಡ ಕ್ರಮಗಳು, ತೆರೆದ ಆಸ್ಪತ್ರೆಗಳು, ನಿರ್ಮಿಸಿದ ಬಡಾವಣೆಗಳು ಮುನ್ನೆಲೆಗೆ ಬರುತ್ತವೆ. ಆ ಕ್ರಮಗಳಿಗೆ ಒಪ್ಪದ ಜನರು ‘ಅಜ್ಞಾನಿಗಳು’ ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುತ್ತಾರೆ. ರಾಷ್ಟ್ರೀಯ ಚಳವಳಿಯ ಹಿನ್ನೆಲೆಯಲ್ಲಿ ಬಂದ ಬರವಣಿಗೆ ಇನ್ನೊಂದು ಬಗೆಯದು. ಅದರಲ್ಲಿ ಅದೇ ಜನರು ಪರಕೀಯ ಪ್ರಭುತ್ವವನ್ನು ಎದುರಿಸಿದ ವೀರರಾಗುತ್ತಾರೆ. ಈ ಎರಡರಲ್ಲಿಯೂ ಒಂದು ಪ್ರಶ್ನೆ ಕೇಳದೆಯೇ ಉಳಿದುಬಿಡುತ್ತದೆ. ಮನೆಯಲ್ಲಿ ಒಬ್ಬರಿಗೆ ಜ್ವರ ಬಂದು ಬಗಲಲ್ಲಿ ಗಡ್ಡೆ ಕಾಣಿಸಿಕೊಂಡ ರಾತ್ರಿ, ಸರ್ಕಾರಕ್ಕೆ ತಿಳಿಸಬೇಕೆ, ಮುಚ್ಚಿಡಬೇಕೆ, ಊರು ಬಿಡಬೇಕೆ ಎಂಬುದನ್ನು ಆ ಮನೆಯ ಹಿರಿಯರು ಯಾವ ಲೆಕ್ಕದ ಮೇಲೆ ತೀರ್ಮಾನಿಸುತ್ತಿದ್ದರು?

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡು, 1898ರ ಹೊತ್ತಿಗೆ ಧಾರವಾಡ ಜಿಲ್ಲೆ ಹಾಗೂ ಮೈಸೂರು ಸಂಸ್ಥಾನಗಳನ್ನು ವ್ಯಾಪಿಸಿದ ಪ್ಲೇಗಿನ ಸಂದರ್ಭವನ್ನು ಇಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ನಿಯಮವನ್ನು ಪಾಲಿಸಿದವರು ಮತ್ತು ಧಿಕ್ಕರಿಸಿದವರು ಎಂದು ಎರಡು ಬೇರೆ ಬೇರೆ ಜನವರ್ಗಗಳು ಇರಲಿಲ್ಲ. ಒಂದೇ ಕುಟುಂಬವು ಒಂದು ನಿಯಮವನ್ನು ಮುರಿದು ಮತ್ತೊಂದನ್ನು ತಾನಾಗಿಯೇ ಪಾಲಿಸುತ್ತಿತ್ತು. ನಿಯಮವು ಏನನ್ನು ಬಿಟ್ಟುಕೊಡಲು ಕೇಳುತ್ತದೆ, ಪ್ರತಿಯಾಗಿ ಏನನ್ನು ಕೊಡುತ್ತದೆ, ಕೇಳುವವರು ಯಾರು ಎಂಬ ಮೂರು ಸಂಗತಿಗಳೇ ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಎಂಬುದನ್ನು ಇಲ್ಲಿ ತೋರಿಸಲು ಯತ್ನಿಸಲಾಗಿದೆ.

ರೋಗ ಮತ್ತು ಕಾಯಿದೆ

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಪ್ರದೇಶದಲ್ಲಿ ಡಾ. ಅಕಾಸಿಯೊ ಗೇಬ್ರಿಯಲ್ ವಿಯೆಗಸ್ ಅವರು ಪ್ಲೇಗನ್ನು ಮೊದಲು ಗುರುತಿಸಿದರು. ರೋಗಾಣುವನ್ನು ಎರಡು ವರ್ಷ ಮೊದಲೇ, 1894ರಲ್ಲಿ, ಹಾಂಗ್‌ಕಾಂಗಿನಲ್ಲಿ ಅಲೆಕ್ಸಾಂಡ್ರ್ ಯೆರ್ಸಿನ್ ಕಂಡುಹಿಡಿದಿದ್ದರು. ಆದರೆ ಆ ಅಣು ಮನುಷ್ಯನ ದೇಹವನ್ನು ಹೇಗೆ ಸೇರುತ್ತದೆ ಎಂಬುದು ಆಗ ಸ್ಪಷ್ಟವಿರಲಿಲ್ಲ. ಕೊಳಕು, ದುರ್ವಾಸನೆ, ಕತ್ತಲೆಯ ಮನೆ, ರೋಗಿಯ ಬಟ್ಟೆ, ರೋಗಿಯ ದೇಹ ಇವೆಲ್ಲವೂ ಸಂಶಯಕ್ಕೆ ಒಳಗಾಗಿದ್ದವು. ಆದುದರಿಂದ ಸರ್ಕಾರದ ಕ್ರಮಗಳೂ ಇವೆಲ್ಲದರ ಮೇಲೆ ಒಟ್ಟೊಟ್ಟಿಗೆ ಎರಗಿದವು.

1897ರ ಫೆಬ್ರವರಿ 4ರಂದು ಸಾಂಕ್ರಾಮಿಕ ರೋಗಗಳ ಕಾಯಿದೆ ಜಾರಿಗೆ ಬಂದಿತು. ನಾಲ್ಕೇ ಕಲಮುಗಳ ಈ ಚಿಕ್ಕ ಕಾಯಿದೆಯು ಆಡಳಿತಕ್ಕೆ ಅಪಾರವಾದ ಅಧಿಕಾರವನ್ನು ನೀಡಿತು. ಸಾಮಾನ್ಯ ಕಾನೂನುಗಳು ಸಾಲದೆಂದು ಕಂಡಾಗ ಸರ್ಕಾರವು ತನಗೆ ಅಗತ್ಯವೆಂದು ತೋರಿದ ಯಾವ ನಿಯಮವನ್ನಾದರೂ ಮಾಡಬಹುದಿತ್ತು. ಅದನ್ನು ಮೀರಿದವರನ್ನು ದಂಡ ಸಂಹಿತೆಯ 188ನೆಯ ಕಲಮಿನಂತೆ ಶಿಕ್ಷಿಸಬಹುದಿತ್ತು. ಸದ್ಭಾವನೆಯಿಂದ ಕೆಲಸ ಮಾಡಿದ ಅಧಿಕಾರಿಯ ವಿರುದ್ಧ ಯಾವ ದಾವೆಯನ್ನೂ ಹೂಡುವಂತಿರಲಿಲ್ಲ. ಪ್ರಜೆಗೆ ಕರ್ತವ್ಯ ಉಂಟು, ಅಧಿಕಾರಿಗೆ ರಕ್ಷಣೆ ಉಂಟು. ಆದರೆ ಮನೆ ಕಳೆದುಕೊಂಡವನಿಗೆ, ಹಾಸಿಗೆ ಬಟ್ಟೆ ಸುಟ್ಟುಹೋದವನಿಗೆ ಏನು ಸಲ್ಲಬೇಕೆಂಬ ಬಗ್ಗೆ ಕಾಯಿದೆಯು ಯಾವ ಹೊಣೆಯನ್ನೂ ಹೊರಲಿಲ್ಲ. ಮುಂದಿನ ಸಂಘರ್ಷಗಳ ಬೀಜ ಈ ಮೌನದಲ್ಲಿಯೇ ಇತ್ತೆಂದು ಹೇಳಬಹುದು.

ಮುಂಬಯಿ ಮತ್ತು ಪುಣೆಯ ಅನುಭವ

ಧಾರವಾಡ ಜಿಲ್ಲೆಯು ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದುದರಿಂದ, ಕನ್ನಡ ನಾಡಿಗೆ ರೋಗ ತಲುಪುವ ಮೊದಲೇ ಅಲ್ಲಿನ ಸುದ್ದಿಗಳು ತಲುಪಿದ್ದವು. ಆದುದರಿಂದ ಆ ಘಟನೆಗಳನ್ನು ಸಂಕ್ಷೇಪವಾಗಿ ನೋಡುವುದು ಅವಶ್ಯ. 1896ರ ಅಕ್ಟೋಬರಿನಲ್ಲಿ ಮುಂಬಯಿಯ ಪೌರಾಡಳಿತವು ರೋಗಿಗಳನ್ನು ಬಲವಂತದಿಂದ ಆಸ್ಪತ್ರೆಗೆ ಸಾಗಿಸುವ ಅಧಿಕಾರವನ್ನು ಪ್ರಕಟಿಸಿತು. ಅದೇ ತಿಂಗಳಲ್ಲಿ ಗಿರಣಿ ಕಾರ್ಮಿಕರು ಆರ್ಥರ್ ರಸ್ತೆಯ ಆಸ್ಪತ್ರೆಯ ಮೇಲೆ ದಾಳಿ ಮಾಡಿದರು. 1898ರ ಮಾರ್ಚ್ 9ರಂದು ನೇಕಾರರು ಹೆಚ್ಚಾಗಿದ್ದ ಬಡಾವಣೆಯಲ್ಲಿ, ಜ್ವರದಿಂದ ಮಲಗಿದ್ದ ಬಾಲಕಿಯೊಬ್ಬಳನ್ನು ಪರೀಕ್ಷಿಸಲು ತಪಾಸಣೆಯ ತಂಡ ಮುಂದಾದಾಗ ದೊಡ್ಡ ಗಲಭೆ ನಡೆಯಿತು. 

ಪುಣೆಯಲ್ಲಿ 1897ರ ಆರಂಭದ ತಿಂಗಳುಗಳಲ್ಲಿ ಡಬ್ಲ್ಯು. ಸಿ. ರ‍್ಯಾಂಡ್ ಅವರ ಅಧ್ಯಕ್ಷತೆಯಲ್ಲಿ ಪ್ಲೇಗ್ ಕಮಿಟಿ ರಚಿತವಾಗಿ, ಮನೆಗಳ ಶೋಧನೆಗೆ ಸೈನಿಕರನ್ನು ನೇಮಿಸಲಾಯಿತು. ದೇವರ ಕೋಣೆ, ಅಡುಗೆಮನೆ, ಬಾಣಂತಿಯ ಕೋಣೆ ಎಂಬ ಭೇದವಿಲ್ಲದೆ ಪರದೇಶದ ಸೈನಿಕರು ಒಳನುಗ್ಗಿದ್ದು ಜನರ ಮನಸ್ಸಿನಲ್ಲಿ ಆಳವಾದ ಗಾಯವನ್ನು ಮಾಡಿತು. ವಿಕ್ಟೋರಿಯಾ ರಾಣಿಯ ವಜ್ರ ಮಹೋತ್ಸವದ ದಿನವಾದ 1897ರ ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ರ‍್ಯಾಂಡ್ ಮತ್ತು ಆಯರ್ಸ್ಟ್ ಅವರ ಮೇಲೆ ಗುಂಡು ಹಾರಿಸಿದರು. ಆಯರ್ಸ್ಟ್ ಸ್ಥಳದಲ್ಲಿಯೇ ಮೃತಪಟ್ಟರೆ, ರ‍್ಯಾಂಡ್ ಜುಲೈ 3ರಂದು ತೀರಿಕೊಂಡರು. 

ಇದೇ ಪುಣೆಯಲ್ಲಿ ಇದಕ್ಕೆ ಭಿನ್ನವಾದ ಎರಡು ನಿಲುವುಗಳೂ ಇದ್ದವು. ಪ್ಲೇಗ್ ಕಮಿಟಿಯ ಕ್ರೌರ್ಯವನ್ನು ‘ಕೇಸರಿ’ಯಲ್ಲಿ ಕಟುವಾಗಿ ಟೀಕಿಸಿದ ಬಾಲಗಂಗಾಧರ ತಿಲಕರು ಊರು ಬಿಟ್ಟು ಹೋಗದೆ ಅಲ್ಲಿಯೇ ಉಳಿದು, ಹಿಂದೂ ಪ್ಲೇಗ್ ಆಸ್ಪತ್ರೆಯನ್ನು ತೆರೆಯಲು ಕಾರಣರಾದರು. ರೋಗಿಯನ್ನು ಪ್ರತ್ಯೇಕಿಸಬೇಕೆಂಬುದನ್ನು ಅವರು ವಿರೋಧಿಸಿರಲಿಲ್ಲ. ಪ್ರತ್ಯೇಕಿಸುವ ರೀತಿಯನ್ನು ವಿರೋಧಿಸಿದ್ದರು. ಸಾವಿತ್ರಿಬಾಯಿ ಫುಲೆಯವರು ಪುಣೆಯ ಹೊರವಲಯದಲ್ಲಿ ಮಗ ಯಶವಂತನ ಚಿಕಿತ್ಸಾಲಯದಲ್ಲಿ ರೋಗಿಗಳ ಶುಶ್ರೂಷೆ ಮಾಡುತ್ತ, ಅದೇ ರೋಗ ತಗುಲಿ 1897ರ ಮಾರ್ಚ್ 10ರಂದು ನಿಧನ ಹೊಂದಿದರು. ಪಿಸ್ತೂಲು, ಪತ್ರಿಕೆ, ಶುಶ್ರೂಷೆ ಎಂಬ ಮೂರು ಉತ್ತರಗಳು ಒಂದೇ ಊರಿನಲ್ಲಿ ಕೆಲವೇ ತಿಂಗಳುಗಳ ಅಂತರದಲ್ಲಿ ಕಂಡುಬಂದವೆಂಬುದು ಗಮನಾರ್ಹ.

ಮೈಸೂರು ಸಂಸ್ಥಾನದಲ್ಲಿ

1898ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಪ್ಲೇಗು ಕಾಣಿಸಿಕೊಂಡಿತು. ಸೋಂಕು ಹುಬ್ಬಳ್ಳಿಯ ಕಡೆಯಿಂದ ರೈಲುದಾರಿಯಲ್ಲಿ ಬಂದಿತೆಂದು ಆಡಳಿತವು ಗುರುತಿಸಿತು. ನಾಲ್ವಡಿ ಕೃಷ್ಣರಾಜ ಒಡೆಯರು ಆಗ ಇನ್ನೂ ಅಪ್ರಾಪ್ತ ವಯಸ್ಕರಾಗಿದ್ದು, ವಾಣೀವಿಲಾಸ ಸನ್ನಿಧಾನದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರಾಜಪ್ರತಿನಿಧಿಯಾಗಿದ್ದರು, ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದರು. ವಿ. ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರನ್ನಾಗಿ ನೇಮಿಸಲಾಯಿತು. ಬೆಂಗಳೂರು ಎರಡು ಆಡಳಿತಗಳ ಕೆಳಗಿದ್ದುದು ಇಲ್ಲಿನ ವಿಶೇಷ. ಪೇಟೆಯ ಭಾಗ ಮೈಸೂರು ಸರ್ಕಾರಕ್ಕೂ, ದಂಡಿನ ಭಾಗ ಬ್ರಿಟಿಷ್ ರೆಸಿಡೆಂಟರಿಗೂ ಸೇರಿತ್ತು. ರೋಗಕ್ಕೆ ಈ ಗಡಿ ತಿಳಿದಿರಲಿಲ್ಲ. ಜನರಿಗೆ ಮಾತ್ರ ಎರಡು ಬಗೆಯ ನಿಯಮಗಳ ನಡುವೆ ಬದುಕಬೇಕಾಯಿತು.

ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರ ತಪಾಸಣೆ, ಸೋಂಕಿನ ಊರುಗಳಿಂದ ಬಂದವರ ಮೇಲೆ ನಿಗಾ, ರೋಗಿಗಳಿಗೆ ಪ್ರತ್ಯೇಕ ಆಸ್ಪತ್ರೆ, ಅವರ ಮನೆಯವರಿಗೆ ಪ್ರತ್ಯೇಕ ಶಿಬಿರ, ಮನೆಗಳ ಶುದ್ಧೀಕರಣ ಇವು ಮುಖ್ಯ ಕ್ರಮಗಳಾಗಿದ್ದವು. ಇದರ ಜೊತೆಗೆ ಸಂಸ್ಥಾನವು ದೂರದೃಷ್ಟಿಯ ಕೆಲಸವನ್ನೂ ಮಾಡಿತು. ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರತರಲು ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳನ್ನು ಈ ಅವಧಿಯಲ್ಲಿ ರೂಪಿಸಲಾಯಿತು. ವಿಕ್ಟೋರಿಯಾ ಆಸ್ಪತ್ರೆಯು 1900ರ ಡಿಸೆಂಬರಿನಲ್ಲಿ ಉದ್ಘಾಟನೆಗೊಂಡಿತು. ಜನಗಣತಿಯ ಅಂಕಿಗಳು ಆಘಾತದ ಪ್ರಮಾಣವನ್ನು ತಿಳಿಸುತ್ತವೆ. 1891ರಲ್ಲಿ ಪೇಟೆ ಮತ್ತು ದಂಡು ಎರಡೂ ಸೇರಿ 1,80,366 ಇದ್ದ ಬೆಂಗಳೂರಿನ ಜನಸಂಖ್ಯೆ 1901ರಲ್ಲಿ 1,59,046ಕ್ಕೆ ಇಳಿದಿತ್ತು. ಸತ್ತವರು ಮತ್ತು ಊರು ತೊರೆದವರು ಇಬ್ಬರೂ ಈ ಇಳಿಕೆಯಲ್ಲಿ ಸೇರಿದ್ದಾರೆ.

ಸ್ವದೇಶಿ ಸಂಸ್ಥಾನವೆಂಬ ಕಾರಣಕ್ಕೆ ಮೈಸೂರಿನಲ್ಲಿ ಪ್ರತಿರೋಧ ಇರಲಿಲ್ಲವೆಂದು ಭಾವಿಸುವುದು ತಪ್ಪಾಗುತ್ತದೆ. 1898ರ ನವೆಂಬರಿನಲ್ಲಿ ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಪ್ಲೇಗು ಕ್ರಮಗಳ ವಿರುದ್ಧ ಜನರು ದಂಗೆಯೆದ್ದರು. ಆಡಳಿತವು ಬಲಪ್ರಯೋಗಕ್ಕೆ ಇಳಿಯಬೇಕಾಯಿತು. ಪುಣೆಯಲ್ಲಿ ಆಜ್ಞೆಯು ಪರಕೀಯ ಸೈನಿಕನ ಬಾಯಿಂದ ಬಂದಿತ್ತು. ಇಲ್ಲಿ ಅದು ತಮ್ಮದೇ ಮಹಾರಾಣಿಯ ಸರ್ಕಾರದಿಂದ, ತಮ್ಮದೇ ಭಾಷೆಯ ಅಮಲ್ದಾರನ ಮೂಲಕ ಬಂದಿತ್ತು. ಆದರೂ ಜನ ಸಿಡಿದರು. ಆದುದರಿಂದ ಪ್ಲೇಗು ಗಲಭೆಗಳನ್ನು ವಸಾಹತುಶಾಹಿ ವಿರೋಧದ ಒಂದೇ ಚೌಕಟ್ಟಿನಲ್ಲಿ ಇಟ್ಟು ನೋಡಿದರೆ ಗಂಜಾಮಿನಂಥ ಘಟನೆ ಅರ್ಥವಾಗುವುದಿಲ್ಲ. ಅದನ್ನು ಅರಿಯಲು ಮನೆಯ ಹೊಸ್ತಿಲಿನೊಳಗೆ ಹೋಗಬೇಕಾಗುತ್ತದೆ.

ಹೊಸ್ತಿಲಿನೊಳಗಿನ ಲೆಕ್ಕ

ರೋಗಿಯ ಸುದ್ದಿಯನ್ನು ತಿಳಿಸಿದರೆ ಮನೆಗೆ ಆಗುತ್ತಿದ್ದುದೇನು? ರೋಗಿಯನ್ನು ಆಸ್ಪತ್ರೆಗೆ ಸಾಗಿಸುತ್ತಿದ್ದರು. ಉಳಿದವರು ಶಿಬಿರಕ್ಕೆ ಹೋಗಬೇಕಿತ್ತು. ಮನೆಯ ಹೆಂಚು ತೆಗೆದು ಬಿಸಿಲು ಬಿಡುವುದು, ನೆಲ ಅಗೆಯುವುದು, ಗೋಡೆಗೆ ಸುಣ್ಣ ಬಳಿಯುವುದು, ಹಾಸಿಗೆ ಬಟ್ಟೆಗಳನ್ನು ಸುಡುವುದು ನಡೆಯುತ್ತಿತ್ತು. ದಿನಗೂಲಿಯವನಿಗೆ ಅಷ್ಟು ದಿನಗಳ ಅನ್ನ ಹೋಗುತ್ತಿತ್ತು; ನೇಕಾರನ ಮಗ್ಗ ನಿಲ್ಲುತ್ತಿತ್ತು. ಶಿಬಿರದಲ್ಲಿ ಯಾರು ಬೇಯಿಸಿದ ಅನ್ನ, ಯಾರು ತಂದ ನೀರು ಎಂಬ ಜಾತಿಯ ಪ್ರಶ್ನೆಗಳು ಏಳುತ್ತಿದ್ದವು. ಆಸ್ಪತ್ರೆಯಲ್ಲಿ ಸತ್ತವರಿಗೆ ಮನೆಯವರು ಬಾಯಿಗೆ ನೀರು ಬಿಡಲು, ಸಂಸ್ಕಾರವನ್ನು ಕ್ರಮವಾಗಿ ಮಾಡಲು ಆಗುವುದೆಂಬ ಭರವಸೆ ಇರಲಿಲ್ಲ. ಗಡ್ಡೆಯನ್ನು ಹುಡುಕಲು ಬಗಲು, ತೊಡೆಯ ಸಂದಿಗಳನ್ನು ಮುಟ್ಟಿ ನೋಡಬೇಕಾಗಿದ್ದುದರಿಂದ, ಪುರುಷ ವೈದ್ಯನ ಮುಂದೆ ಹೆಂಗಸರನ್ನು ನಿಲ್ಲಿಸುವುದು ಎಲ್ಲ ಮತ, ಜಾತಿಗಳ ಕುಟುಂಬಗಳಿಗೂ ಸಹಿಸಲಾಗದ ಅವಮಾನವಾಗಿತ್ತು.

ಇಷ್ಟನ್ನೆಲ್ಲ ಕೊಟ್ಟು ಪಡೆಯುತ್ತಿದ್ದುದೇನು? ಪ್ಲೇಗಿಗೆ ಆಗ ಔಷಧವಿರಲಿಲ್ಲ. ರೋಗವನ್ನು ನಿಶ್ಚಿತವಾಗಿ ಗುಣಪಡಿಸುವ ಔಷಧಗಳು ಬಂದದ್ದು 1940ರ ದಶಕದಲ್ಲಿ. ಆಸ್ಪತ್ರೆಗೆ ಹೋದವರಲ್ಲಿ ಹೆಚ್ಚಿನವರು ಹಿಂದಿರುಗುತ್ತಿರಲಿಲ್ಲ. ಹೀಗಾಗಿ ‘ಆಸ್ಪತ್ರೆಗೆ ಹೋದವರು ಸಾಯುತ್ತಾರೆ’ ಎಂಬ ಜನರ ಮಾತನ್ನು ಮೂಢನಂಬಿಕೆಯೆಂದು ತಳ್ಳಿಹಾಕಲಾಗದು. ಅದು ಕಣ್ಣಾರೆ ಕಂಡದ್ದರ ನಿರೂಪಣೆಯಾಗಿತ್ತು. ಆಸ್ಪತ್ರೆಗೆ ಕಳುಹಿಸಿದ್ದರಿಂದ ಸತ್ತರೆಂದು ಅವರು ಭಾವಿಸಿದ್ದು ಕಾರಣದ ವಿಷಯದಲ್ಲಿ ತಪ್ಪಾಗಿದ್ದರೂ, ಹೋದವರು ಮರಳಲಿಲ್ಲ ಎಂಬುದು ಸುಳ್ಳಾಗಿರಲಿಲ್ಲ. ಈ ಅರೆನಿಜದ ಮೇಲೆಯೇ ವದಂತಿಗಳು ಬೆಳೆದವು. ಮುಂಬಯಿಯಲ್ಲಿ ತನ್ನ ಪ್ರತಿಮೆಗೆ ಡಾಂಬರು ಬಳಿದ ಅಪಮಾನಕ್ಕೆ ಪ್ರತಿಯಾಗಿ ರಾಣಿಯು ಪ್ರಜೆಗಳ ಗುಂಡಿಗೆಗಳನ್ನು ಕೇಳಿದ್ದಾಳೆಂದೂ, ಆಸ್ಪತ್ರೆಗಳಲ್ಲಿ ಮನುಷ್ಯರ ದೇಹದಿಂದ ಎಣ್ಣೆ ತೆಗೆಯುತ್ತಾರೆಂದೂ ಸುದ್ದಿ ಹಬ್ಬಿತ್ತು. ಇವು ಅಸಂಬದ್ಧವೆಂಬುದರಲ್ಲಿ ಸಂದೇಹವಿಲ್ಲ. ಆದರೆ ತಮ್ಮ ದೇಹ ತಮ್ಮದಾಗಿ ಉಳಿದಿಲ್ಲ ಎಂಬ ಭಯಕ್ಕೆ ಅವು ಆಕಾರ ಕೊಟ್ಟವು.

ಆದುದರಿಂದ ಜನ ಮುಚ್ಚಿಟ್ಟರು. ತಪಾಸಣೆಯವರು ಬರುವ ಸುಳಿವು ಸಿಕ್ಕರೆ ರೋಗಿಯನ್ನು ಅಟ್ಟದ ಮೇಲೆ, ಕಣಜದ ಹಿಂದೆ, ನೆಂಟರ ಮನೆಯಲ್ಲಿ ಬಚ್ಚಿಟ್ಟರು. ಸಾವನ್ನು ಮರೆಮಾಡಿ ರಾತ್ರಿಯಲ್ಲಿ ಶವ ಸಾಗಿಸಿದರು. ಕೆಳಹಂತದ ನೌಕರರು ಇದರಲ್ಲಿ ಲಂಚದ ದಾರಿಯನ್ನು ಕಂಡುಕೊಂಡರೆಂಬ ದೂರು ಎಲ್ಲೆಡೆ ಇತ್ತು. ಬಹಿರಂಗವಾದ ಗಲಭೆಗಳು ಬೆರಳೆಣಿಕೆಯವು; ಪ್ರತಿರೋಧದ ನಿಜವಾದ ರೂಪ ಈ ಮೌನದ ಮುಚ್ಚಿಡುವಿಕೆಯೇ ಆಗಿತ್ತು. ಅದಕ್ಕೆ ನಾಯಕರಿರಲಿಲ್ಲ, ಘೋಷಣೆಗಳಿರಲಿಲ್ಲ.

ಊರು ಬಿಡುವ ಪದ್ಧತಿ

ಸರ್ಕಾರದ ಶಿಬಿರಕ್ಕೆ ಹೋಗಲು ಒಪ್ಪದ ಇದೇ ಜನರು ತಾವಾಗಿಯೇ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು ಎಂಬುದು ಮೇಲ್ನೋಟಕ್ಕೆ ವಿಚಿತ್ರವೆನಿಸಬಹುದು. ‘ಇಲಿ ಬಿತ್ತು’ ಎಂಬ ಮಾತು ಕನ್ನಡ ನಾಡಿನ ಹಳ್ಳಿಗಳಲ್ಲಿ ಬಹುಕಾಲ ಉಳಿದುಬಂದ ಎಚ್ಚರಿಕೆಯ ಮಾತು. ಮಾಡಿನಿಂದ ಇಲಿ ಸತ್ತು ಬಿದ್ದ ಕೂಡಲೇ ಊರಿಗೆ ಊರೇ ಬಯಲಿಗೆ ಹೋಗುತ್ತಿತ್ತು. ಕಾಯಿಲೆ ಇಳಿದ ಮೇಲೆ ಮನೆಗೆ ಸುಣ್ಣ ಬಳಿದು, ಮಾರಿಗೆ ಪೂಜೆ ಸಲ್ಲಿಸಿ ಹಿಂದಿರುಗುತ್ತಿತ್ತು. ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ದಲ್ಲಿ ಊರಿನವರು ಹೀಗೆ ಹೊರಗೆ ಹೋಗಿ ನೆಲಸುವ ಚಿತ್ರವಿದೆ. ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದ ಅಗ್ರಹಾರದಲ್ಲಿ ಇಲಿಗಳು ಸಾಯುತ್ತಿದ್ದರೂ, ಮುಗಿಯದ ಶವಸಂಸ್ಕಾರದ ಪ್ರಶ್ನೆಯಲ್ಲಿ ಸಿಕ್ಕಿಕೊಂಡವರಿಗೆ ಅದರ ಅರ್ಥ ಹೊಳೆಯುವುದಿಲ್ಲ. ಎರಡು ಕೃತಿಗಳೂ ಪ್ಲೇಗಿನ ಕಾಲಕ್ಕೆ ಎಷ್ಟೋ ವರ್ಷಗಳ ಅನಂತರ ಬಂದವಾದರೂ, ಆ ನೆನಪು ನಮ್ಮ ಸಮಾಜದಲ್ಲಿ ಎಷ್ಟು ಆಳಕ್ಕೆ ಇಳಿದಿತ್ತೆಂಬುದನ್ನು ಸೂಚಿಸುತ್ತವೆ. ಬೆಂಗಳೂರು ಮತ್ತು ಸುತ್ತಲಿನ ಪ್ರದೇಶಗಳಲ್ಲಿ ಪ್ಲೇಗಮ್ಮ, ಪ್ಲೇಗು ಮಾರಮ್ಮ ಎಂಬ ಹೆಸರಿನ ಗುಡಿಗಳು ಎದ್ದದ್ದೂ ಇದೇ ನೆನಪಿನ ಭಾಗ.

ಶಿಬಿರಕ್ಕೂ ಗುಡಿಸಲಿಗೂ ಇದ್ದ ವ್ಯತ್ಯಾಸವನ್ನು ಗಮನಿಸಬೇಕು. ಎರಡರಲ್ಲಿಯೂ ಮನೆ ಬಿಡಬೇಕಿತ್ತು. ಎರಡರಲ್ಲಿಯೂ ಚಳಿ ಮಳೆಯ ಕಷ್ಟವಿತ್ತು. ಆದರೆ ಗುಡಿಸಲಿನಲ್ಲಿ ಒಲೆ ತಮ್ಮದಾಗಿತ್ತು, ದನಕರು ಜೊತೆಗಿದ್ದವು, ಹೊಲದ ಕೆಲಸ ಸಾಗುತ್ತಿತ್ತು, ನೆರೆಯವರು ಊರಿನ ನೆರೆಯವರೇ ಆಗಿದ್ದರು. ಯಾವಾಗ ಹೋಗಬೇಕು, ಯಾವಾಗ ಬರಬೇಕು ಎಂಬುದನ್ನು ಊರಿನ ಹಿರಿಯರು ಕೂಡಿ ತೀರ್ಮಾನಿಸುತ್ತಿದ್ದರು. ಶಿಬಿರದಲ್ಲಿ ಇದಾವುದೂ ಇರಲಿಲ್ಲ. ಜನರು ನಿರಾಕರಿಸಿದ್ದು ಸ್ಥಳಾಂತರವನ್ನಲ್ಲ. ತಮ್ಮ ತೀರ್ಮಾನದ ಹಕ್ಕು ಕೈತಪ್ಪುವುದನ್ನು.

ಹುಬ್ಬಳ್ಳಿಯ ಸೂಜಿ

ವಾಲ್ಡೆಮಾರ್ ಹಾಫ್ಕಿನ್ ಅವರು ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡರು. ಈ ಲಸಿಕೆಯ ಚರಿತ್ರೆಯಲ್ಲಿ ಹುಬ್ಬಳ್ಳಿಗೆ ವಿಶೇಷ ಸ್ಥಾನವಿದೆ. ರೈಲ್ವೆ ಕಾರ್ಖಾನೆಯ ಊರಾಗಿದ್ದ, ಸುಮಾರು ಐವತ್ತು ಸಾವಿರ ಜನಸಂಖ್ಯೆಯ ಈ ಪಟ್ಟಣದಲ್ಲಿ 1898ರ ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ಡಾ. ಲ್ಯೂಮನ್ ಮುಂತಾದ ವೈದ್ಯರ ಶ್ರಮದಿಂದ ಸುಮಾರು 38 ಸಾವಿರ ಜನರು ಲಸಿಕೆ ಹಾಕಿಸಿಕೊಂಡರು. ಆ ಕಾಲಕ್ಕೆ ಒಂದೇ ಊರಿನಲ್ಲಿ ಇಷ್ಟು ದೊಡ್ಡ ಪ್ರಮಾಣದಲ್ಲಿ ಸೂಜಿ ಹಾಕಿಸಿಕೊಂಡ ಉದಾಹರಣೆ ವಿರಳ. ಗಂಜಾಮಿನ ಗಲಭೆ ನಡೆದದ್ದೂ ಇದೇ ವರ್ಷದಲ್ಲಿ ಎಂಬುದನ್ನು ನೆನೆದರೆ ಈ ಸಂಗತಿಯ ಮಹತ್ವ ತಿಳಿಯುತ್ತದೆ.

ಸೂಜಿಯೂ ಸುಲಭದ್ದಾಗಿರಲಿಲ್ಲ. ಹಾಕಿಸಿಕೊಂಡವರಿಗೆ ಜ್ವರ ಬರುತ್ತಿತ್ತು, ತೋಳು ಊದಿಕೊಂಡು ಕೆಲಸ ಕೆಡುತ್ತಿತ್ತು. ಆದರೂ ಜನ ಮುಂದೆ ಬಂದುದಕ್ಕೆ ಕಾರಣಗಳಿವೆ. ಮೊದಲನೆಯದಾಗಿ, ಸಾವು ಕಣ್ಣ ಮುಂದೆಯೇ ಇತ್ತು. ಹಾಕಿಸಿಕೊಂಡವರಲ್ಲಿ ಸಾಯುವವರು ಕಡಿಮೆ ಎಂಬುದನ್ನು ಜನ ತಮ್ಮ ಕೇರಿಯಲ್ಲಿಯೇ ಎಣಿಸಿ ನೋಡಬಹುದಿತ್ತು. ಎರಡನೆಯದಾಗಿ, ಲಸಿಕೆಯು ಮನೆಯನ್ನು ಒಡೆಯುತ್ತಿರಲಿಲ್ಲ. ಗಂಡ, ಹೆಂಡತಿ, ಮಕ್ಕಳು ಒಟ್ಟಿಗೆ ಹೋಗಿ ಒಟ್ಟಿಗೆ ಹಿಂದಿರುಗಬಹುದಿತ್ತು. ಮೂರನೆಯದಾಗಿ, ಮುಂಬಯಿ ಪ್ರಾಂತ್ಯದಲ್ಲಿ ಲಸಿಕೆ ಹಾಕಿಸಿಕೊಂಡವರಿಗೆ ಪ್ರಮಾಣಪತ್ರ ನೀಡಿ, ಪ್ರತ್ಯೇಕವಾಸದ ನಿಯಮಗಳಿಂದ ವಿನಾಯಿತಿ ಕೊಡುವ ಪದ್ಧತಿ ಬಂದಿತು. ಶಿಬಿರದ ಭಯವೇ ಹಲವರನ್ನು ಸೂಜಿಯ ಕಡೆಗೆ ತಳ್ಳಿತು. ಆದುದರಿಂದ ಹುಬ್ಬಳ್ಳಿಯ ಒಪ್ಪಿಗೆಯನ್ನು ಸಂಪೂರ್ಣ ಸ್ವಯಂಪ್ರೇರಿತವೆಂದು ಕರೆಯುವುದು ಕಷ್ಟ. ಬಲವಂತವೆಂದು ಕರೆಯುವುದೂ ಸರಿಯಲ್ಲ. ಎರಡು ಕಷ್ಟಗಳಲ್ಲಿ ಸಹಿಸಬಹುದಾದುದನ್ನು ಜನರು ಲೆಕ್ಕ ಹಾಕಿ ಆರಿಸಿಕೊಂಡರು.

ಎರಡೂ ಕಡೆಯ ತಪ್ಪುಗಳು

ಪ್ರತಿರೋಧವನ್ನು ಅರ್ಥಮಾಡಿಕೊಳ್ಳುವುದೆಂದರೆ ಅದನ್ನು ಎಲ್ಲ ಕಡೆಯಲ್ಲಿಯೂ ಸಮರ್ಥಿಸುವುದೆಂದು ತಿಳಿಯಬೇಕಾಗಿಲ್ಲ. ಮುಚ್ಚಿಟ್ಟ ಮನೆಗಳಿಂದ ರೋಗ ಹರಡಿತು. ಸೋಂಕಿನ ಮನೆಯ ಬಟ್ಟೆಬರೆ, ಧಾನ್ಯದ ಮೂಟೆಗಳನ್ನು ಹೊತ್ತು ನೆಂಟರ ಊರಿಗೆ ಓಡಿಹೋದವರು ಅಲ್ಲಿಗೆ ಸಾವನ್ನೂ ಒಯ್ದರು. ತಮ್ಮವರ ಮಾನವನ್ನು ಕಾಯಲು ಹೊರಟ ಕುಟುಂಬವು ತನಗೆ ತಿಳಿಯದೆಯೇ ನೆರೆಮನೆಯ ಮಕ್ಕಳನ್ನು ಅಪಾಯಕ್ಕೆ ಒಡ್ಡಿತು. ವೈಯಕ್ತಿಕ ಆಯ್ಕೆ ಎಂಬುದು ಸಾಂಕ್ರಾಮಿಕದ ಕಾಲದಲ್ಲಿ ಪೂರ್ಣವಾಗಿ ವೈಯಕ್ತಿಕವಾಗಿ ಉಳಿಯುವುದಿಲ್ಲವೆಂಬ ಕಠಿಣ ಸತ್ಯವನ್ನು ಪ್ಲೇಗು ಕಲಿಸಿತು.

ಇತ್ತ ಸರ್ಕಾರದ ತಿಳಿವಳಿಕೆಯೂ ಅರ್ಧವೇ ಆಗಿತ್ತು. 1898ರಲ್ಲಿ ಪಾಲ್ ಲೂಯಿ ಸಿಮೊಂಡ್ ಕರಾಚಿಯಲ್ಲಿ ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ದಾಟಿಸುತ್ತದೆಂದು ತೋರಿಸಿದರು. ಹಲವರು ಅದನ್ನು ಒಡನೆ ಒಪ್ಪಲಿಲ್ಲ. 1905ರ ಅನಂತರ ನಡೆದ ವ್ಯವಸ್ಥಿತ ಸಂಶೋಧನೆಗಳಿಂದಲೇ ಅದು ದೃಢಪಟ್ಟಿತು. ಈ ತಿಳಿವಳಿಕೆಯ ಬೆಳಕಿನಲ್ಲಿ ನೋಡಿದರೆ, ಗಡ್ಡೆಯ ಪ್ಲೇಗಿನಲ್ಲಿ ರೋಗಿಯನ್ನು ಮನೆಯವರಿಂದ ಬೇರ್ಪಡಿಸುವುದರಿಂದ ಆಗುತ್ತಿದ್ದ ಲಾಭ ಅಲ್ಪ. ಶ್ವಾಸಕೋಶಕ್ಕೆ ತಗುಲಿದ ಪ್ಲೇಗು ಮಾತ್ರ ಇದಕ್ಕೆ ಹೊರತು. ಇಲಿ ಬಿದ್ದ ಮನೆಯನ್ನು ತೊರೆಯುವುದರಿಂದ ಆಗುತ್ತಿದ್ದ ಲಾಭ ಬಹಳ. ಅಂದರೆ ಜನರು ಅತಿ ಹೆಚ್ಚು ವಿರೋಧಿಸಿದ ಕ್ರಮವು ಕಡಿಮೆ ಉಪಯೋಗದ್ದಾಗಿತ್ತು. ಅವರು ತಾವಾಗಿ ಅನುಸರಿಸಿದ ಪದ್ಧತಿಯು ಹೆಚ್ಚು ಉಪಯೋಗದ್ದಾಗಿತ್ತು. ಇದು ಜನರಿಗೆ ವಿಜ್ಞಾನ ತಿಳಿದಿತ್ತೆಂದಲ್ಲ. ಇಲಿಗೂ ಸಾವಿಗೂ ಸಂಬಂಧವಿದೆಯೆಂಬುದನ್ನು ಅವರು ಬಹಳ ಹತ್ತಿರದಿಂದ ಕಂಡಿದ್ದರು. ಆ ಕಾಣ್ಕೆಯನ್ನು ಕೇಳಿಸಿಕೊಳ್ಳುವ ವ್ಯವಸ್ಥೆ ಆಡಳಿತದಲ್ಲಿ ಇರಲಿಲ್ಲ.

ಲಸಿಕೆಯ ವಿಷಯದಲ್ಲಿಯೂ ವಿಶ್ವಾಸವು ಎಷ್ಟು ನಾಜೂಕಾದುದೆಂಬುದಕ್ಕೆ ಪಂಜಾಬಿನ ಮಲ್ಕೋವಾಲ್ ಉದಾಹರಣೆಯಾಗಿದೆ. 1902ರ ಅಕ್ಟೋಬರ್ 30ರಂದು ಅಲ್ಲಿ ಲಸಿಕೆ ಹಾಕಿಸಿಕೊಂಡ 107 ಜನರಲ್ಲಿ ಒಂದೇ ಸೀಸೆಯಿಂದ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಹಾಫ್ಕಿನ್ ಅವರ ಮೇಲೆ ಹೊಣೆ ಹೊರಿಸಲಾಯಿತು. ಅವರು ನಿರ್ದೋಷಿಯೆಂದು ಒಪ್ಪಲು 1907ರವರೆಗೆ ಕಾಯಬೇಕಾಯಿತು. ಸಾವಿರಾರು ಜನರ ಒಪ್ಪಿಗೆಯಿಂದ ಗಳಿಸಿದ ನಂಬಿಕೆಯನ್ನು ಒಂದು ಸೀಸೆ ಕೆಡಿಸಬಲ್ಲದಾಗಿತ್ತು.

ಬಲವಂತದಿಂದ ಒಪ್ಪಿಗೆಯ ಕಡೆಗೆ

ಗಲಭೆಗಳ ಫಲವಾಗಿ ಆಡಳಿತವು ಕ್ರಮೇಣ ತನ್ನ ನೀತಿಯನ್ನು ಬದಲಾಯಿಸಿತು. 1898ರಿಂದ 1900ರ ನಡುವೆ ಮನೆಶೋಧನೆ ಸಡಿಲವಾಯಿತು. ಸೈನಿಕರ ಬದಲು ಊರಿನ ಗಣ್ಯರನ್ನು ಸೇರಿಸಿಕೊಳ್ಳಲಾಯಿತು. ಮುಂಬಯಿಯಲ್ಲಿ ಆಯಾ ಮತ, ಜಾತಿಗಳವರು ತಮ್ಮ ತಮ್ಮ ಆಸ್ಪತ್ರೆಗಳನ್ನು ತೆರೆಯಲು ಅವಕಾಶವಾಯಿತು. ಹೆಂಗಸರ ಪರೀಕ್ಷೆಗೆ ಮಹಿಳಾ ವೈದ್ಯರ ನೆರವು ಪಡೆಯಲಾಯಿತು. ಈ ಪಾಠಕ್ಕೆ ಮೈಸೂರಿನಲ್ಲಿ ಇನ್ನೂ ಹಳೆಯ ಹಿನ್ನೆಲೆಯಿದೆ. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಬರೆದ ಮೈಸೂರು ಅರಮನೆಯ ರಾಣಿಯರ ಚಿತ್ರವೊಂದನ್ನು, ಸಿಡುಬಿನ ಲಸಿಕೆಗೆ ಜನರ ಮನವೊಲಿಸುವ ಉದ್ದೇಶದ್ದೆಂದು ಕೆಲವು ಇತಿಹಾಸಕಾರರು ವ್ಯಾಖ್ಯಾನಿಸಿದ್ದಾರೆ. ಆ ವ್ಯಾಖ್ಯಾನ ಚರ್ಚಾಸ್ಪದವಾದರೂ, ಆಜ್ಞೆಗಿಂತ ಮೇಲ್ಪಂಕ್ತಿ ಹೆಚ್ಚು ಪರಿಣಾಮಕಾರಿ ಎಂಬ ತಿಳಿವಳಿಕೆ ಅದರಲ್ಲಿ ಅಡಗಿದೆ.

ನೀತಿಯ ಈ ಬದಲಾವಣೆಯಿಂದ ರೋಗವು ನಿಲ್ಲಲಿಲ್ಲ ಎಂಬುದನ್ನೂ ಹೇಳಬೇಕು. 1896ರ ಅನಂತರದ ಎರಡು ಮೂರು ದಶಕಗಳಲ್ಲಿ ಪ್ಲೇಗು ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಅದರ ಬಹುಪಾಲು ಸಾವುಗಳು ಬಲವಂತದ ನೀತಿಯನ್ನು ಸಡಿಲಿಸಿದ ಅನಂತರವೇ ಸಂಭವಿಸಿದವು. ಆದುದರಿಂದ ಒಪ್ಪಿಗೆಯ ನೀತಿ ಗೆದ್ದಿತು, ಬಲವಂತ ಸೋತಿತು ಎಂಬ ಸರಳ ತೀರ್ಮಾನಕ್ಕೆ ಚರಿತ್ರೆ ಅವಕಾಶ ಕೊಡುವುದಿಲ್ಲ. ಬಲವಂತವು ಸೋತಾಗ ಅದರೊಂದಿಗೆ ಆಡಳಿತದ ಆಸಕ್ತಿಯೂ ಕುಂದಿತೆಂಬುದು ಈ ಕಥೆಯ ದುಃಖದ ಭಾಗ.

ಒಂದು ಶತಮಾನದ ಅನಂತರ

1897ರ ಅದೇ ಕಾಯಿದೆಯನ್ನು 2020ರಲ್ಲಿ ಕೊರೋನಾ ಸಂದರ್ಭದಲ್ಲಿ ಮತ್ತೆ ಬಳಸಲಾಯಿತು. ಭಾರತದಲ್ಲಿ ಆ ರೋಗದ ಮೊದಲ ಸಾವು 2020ರ ಮಾರ್ಚಿನಲ್ಲಿ ಕಲಬುರಗಿಯಲ್ಲಿ ಸಂಭವಿಸಿತು. ಮಾರ್ಚ್ 25ರಿಂದ ದೇಶವ್ಯಾಪಿ ಲಾಕ್‌ಡೌನ್ ಜಾರಿಯಾದಾಗ ಕರ್ನಾಟಕದ ಅನೇಕ ಹಳ್ಳಿಗಳವರು ಯಾರ ಆಜ್ಞೆಗೂ ಕಾಯದೆ ದಾರಿಗೆ ಮುಳ್ಳು, ಮರದ ದಿಮ್ಮಿಗಳನ್ನು ಅಡ್ಡಹಾಕಿ ಊರಿನ ಗಡಿಯನ್ನು ಮುಚ್ಚಿದರು. ಅದೇ ಏಪ್ರಿಲ್ 19ರಂದು ಬೆಂಗಳೂರಿನ ಪಾದರಾಯನಪುರದಲ್ಲಿ, ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಕ್ವಾರಂಟೈನಿಗೆ ಕರೆದೊಯ್ಯಲು ಹೋದ ಸಿಬ್ಬಂದಿಯ ವಿರುದ್ಧ ಗಲಭೆ ನಡೆಯಿತು. ಊರನ್ನು ತಾವೇ ಮುಚ್ಚುವುದಕ್ಕೂ, ಬೇರೆಯವರು ಬಂದು ಕರೆದೊಯ್ಯುವುದಕ್ಕೂ ಇರುವ ಅಂತರವು 1898ರ ಗುಡಿಸಲು ಮತ್ತು ಶಿಬಿರಗಳ ಅಂತರವನ್ನೇ ನೆನಪಿಸುತ್ತದೆ. ಆರೋಗ್ಯ ಸಿಬ್ಬಂದಿಯ ಮೇಲಿನ ಹಲ್ಲೆಗಳಿಗೆ ಕಠಿಣ ಶಿಕ್ಷೆ ವಿಧಿಸಲು 2020ರಲ್ಲಿ ಹಳೆಯ ಕಾಯಿದೆಗೆ ತಿದ್ದುಪಡಿ ತರಲಾಯಿತು. ಕರ್ನಾಟಕವೂ ಆ ವರ್ಷ ತನ್ನದೇ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ರೂಪಿಸಿಕೊಂಡಿತು.

ಲಸಿಕೆಯ ಅಭಿಯಾನ 2021ರ ಜನವರಿ 16ರಂದು ಆರಂಭವಾದ ಮೇಲೆ ಹುಬ್ಬಳ್ಳಿಯ ಪ್ರಮಾಣಪತ್ರದ ಪ್ರಶ್ನೆಯೂ ಹೊಸ ರೂಪದಲ್ಲಿ ಮರಳಿತು. ಈ ಬಗ್ಗೆ ಸರ್ವೋಚ್ಚ ನ್ಯಾಯಾಲಯವು ಜೇಕಬ್ ಪುಲಿಯೇಲ್ ಪ್ರಕರಣದಲ್ಲಿ 2022ರ ಮೇ 2ರಂದು ನೀಡಿದ ತೀರ್ಪು ಮಹತ್ವದ್ದಾಗಿದೆ. ಸಂವಿಧಾನದ 21ನೆಯ ಅನುಚ್ಛೇದದಂತೆ ದೇಹದ ಮೇಲಿನ ಹಕ್ಕು ವ್ಯಕ್ತಿಗೆ ಸೇರಿದ್ದು, ಯಾರನ್ನೂ ಲಸಿಕೆಗೆ ಬಲವಂತಪಡಿಸಲಾಗದು ಎಂದು ನ್ಯಾಯಾಲಯ ಹೇಳಿತು. ಸಮುದಾಯದ ಆರೋಗ್ಯದ ದೃಷ್ಟಿಯಿಂದ ವ್ಯಕ್ತಿಯ ಹಕ್ಕುಗಳಿಗೆ ಮಿತಿಗಳನ್ನು ಹಾಕಬಹುದು, ಆದರೆ ಅವು ಅಪಾಯದ ಪ್ರಮಾಣಕ್ಕೆ ತಕ್ಕಂತಿರಬೇಕು ಎಂದೂ ಸ್ಪಷ್ಟಪಡಿಸಿತು. 1897ರ ಕಾಯಿದೆ ಕೇಳದೆ ಬಿಟ್ಟಿದ್ದ ಪ್ರಶ್ನೆಗೆ ಸುಮಾರು ನೂರ ಇಪ್ಪತ್ತೈದು ವರ್ಷಗಳ ಬಳಿಕ ದೊರೆತ ಉತ್ತರವೆಂದು ಇದನ್ನು ಪರಿಗಣಿಸಬಹುದು.

ಸಮಾರೋಪ

ಪ್ಲೇಗು ಕಾಲದ ಜನರನ್ನು ಅಜ್ಞಾನಿಗಳೆಂದಾಗಲಿ ವೀರರೆಂದಾಗಲಿ ಒಂದೇ ಪದದಲ್ಲಿ ಹಿಡಿದಿಡುವುದು ಸಾಧ್ಯವಿಲ್ಲ. ಗಂಜಾಮಿನಲ್ಲಿ ದಂಗೆಯೆದ್ದವರೂ, ಹುಬ್ಬಳ್ಳಿಯಲ್ಲಿ ಸೂಜಿಗೆ ತೋಳು ಒಡ್ಡಿದವರೂ, ಇಲಿ ಬಿದ್ದೊಡನೆ ಹೊಲದಲ್ಲಿ ಗುಡಿಸಲು ಕಟ್ಟಿದವರೂ ಒಂದೇ ಬಗೆಯ ಲೋಕದಲ್ಲಿ, ಒಂದೇ ಬಗೆಯ ಭಯದ ನಡುವೆ ಬಾಳಿದವರು. ಮನೆಯನ್ನು ಒಡೆಯದ, ಮಾನವನ್ನು ಕಳೆಯದ, ಫಲವು ಕಣ್ಣಿಗೆ ಕಾಣುವ ನಿಯಮಗಳನ್ನು ಅವರು ಹೆಚ್ಚಾಗಿ ಒಪ್ಪಿದರು. ಇವು ಇಲ್ಲದ ಕಡೆ ಮುಚ್ಚಿಟ್ಟರು ಅಥವಾ ಸಿಡಿದೆದ್ದರು. ಆ ತೀರ್ಮಾನಗಳಿಗೆ ಅವರು ತೆತ್ತ ಬೆಲೆ ದೊಡ್ಡದು. ಅವರ ನೆರೆಯವರು ತೆತ್ತ ಬೆಲೆಯೂ ದೊಡ್ಡದು.

ಮುಂದೆ ಎಂದಾದರೂ ಇಂಥ ಕಾಲ ಬಂದಾಗ, ನಿಯಮ ಮಾಡುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ 1898ರ ಆ ಮನೆಯ ಹಿರಿಯರು ಕೇಳಿಕೊಂಡದ್ದೇ ಆಗಿದೆ: ರೋಗಿಯನ್ನು ಕರೆದೊಯ್ದ ಮೇಲೆ ಉಳಿದವರ ಒಲೆ ಹೊತ್ತುವುದು ಹೇಗೆ? ಈ ಪ್ರಶ್ನೆಗೆ ಉತ್ತರವನ್ನು ಒಳಗೊಂಡಿರುವ ನಿಯಮಕ್ಕೆ ಸೈನಿಕರ ನೆರವು ಅಷ್ಟಾಗಿ ಬೇಕಾಗುವುದಿಲ್ಲ. ಹಾಗೆಯೇ, ನಿಯಮವನ್ನು ನಿರಾಕರಿಸುವ ಪ್ರಜೆಯೂ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ನಾನು ಮುಚ್ಚಿಟ್ಟುದರ ಫಲವನ್ನು ಉಣ್ಣುವವರು ಯಾರು? ಈ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟು ನೋಡುವ ದೃಷ್ಟಿಯನ್ನು ಕನ್ನಡ ನಾಡಿನ ಪ್ಲೇಗಿನ ಚರಿತ್ರೆ ನಮಗೆ ಒದಗಿಸುತ್ತದೆ.